ಕಾವೇರಿಯ ಮಾತ್ರೆಗಳು

'ಶರಪಂಜರ'ದ ಕಾವೇರಿ ಆಸ್ಪತ್ರೆಯಿಂದ ಮನೆಗೆ ಮರಳುತ್ತಾಳಲ್ಲ, ಆಗ ಅವಳ ಕೈ ನಡುಗುವುದಿಲ್ಲ, ನಾಲಿಗೆ ತೊದಲುವುದಿಲ್ಲ. ನಡೆ, ನುಡಿ, ಉಡುಗೆ ಎಲ್ಲ ಅಚ್ಚುಕಟ್ಟು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದಾಗ ಕಲ್ಪನಾ ಅಭಿನಯ ನೋಡಿ ಕಣ್ಣೊರೆಸಿಕೊಳ್ಳದ ಹೆಂಗಸರು ಕಡಿಮೆ. ಆ ಅಭಿನಯದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಆ ಅಚ್ಚುಕಟ್ಟಿನ ಬಗ್ಗೆ.

ಮನೋರೋಗಕ್ಕೆ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಕೊಡುವುದು ಶುರುವಾದದ್ದು 1952ರಲ್ಲಿ, ಪ್ಯಾರಿಸ್ಸಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ನಮ್ಮ ದೇಶಕ್ಕೂ ಬಂತು. ವರ್ಷಗಟ್ಟಲೆ ಗೋಡೆಗಳ ಒಳಗಿದ್ದವರು ಮನೆಯ ದಾರಿ ಹಿಡಿದದ್ದು ಇಂಥ ಗುಳಿಗೆಗಳ ದೆಸೆಯಿಂದಲೂ ಹೌದು. ಅದನ್ನು ಕಡೆಗಣಿಸಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಅದೇ ಗುಳಿಗೆ ಮುಖವನ್ನು ಮುಖವಾಡದಂತೆ ಬಿಗಿಸಬಹುದು. ಕೈ ನಡುಗಿಸಬಹುದು, ಬಾಯಲ್ಲಿ ಜೊಲ್ಲು ಸುರಿಸಬಹುದು. ಬಹುಕಾಲ ತಿಂದ ಕೆಲವರಲ್ಲಿ ತುಟಿ, ನಾಲಿಗೆಗಳು ತಾವಾಗಿಯೇ ಆಡತೊಡಗುತ್ತವೆ. ಔಷಧಿ ನಿಲ್ಲಿಸಿದರೂ ಕೆಲವೊಮ್ಮೆ ಅದು ಹೋಗುವುದಿಲ್ಲ. ಪಕ್ಕದ ಮನೆಯವರು ಕಿಟಕಿಯಿಂದ ನೋಡಿ, "ಪಾಪ, ಇನ್ನೂ ವಾಸಿಯಾಗಿಲ್ಲ ಕಣ್ರೀ" ಎನ್ನುವುದು ಇದನ್ನೇ. ಅವರು ಕಂಡದ್ದು ರೋಗವನ್ನಲ್ಲ, ಔಷಧಿಯನ್ನು. ಇಷ್ಟು ದೊಡ್ಡ ಸಂಕಟ ಕೈಗೆಟಕುವಂತಿದ್ದೂ ಸಿನಿಮಾ ಅದನ್ನು ಬಿಟ್ಟುಕೊಟ್ಟಿತು. ನಡುಗುವ ಕೈಯ ಕಾವೇರಿಗಾಗಿ ನಾವು ಅಷ್ಟೇ ಅಳುತ್ತಿದ್ದೆವೇ?

ಈಗಿನ ಮಾತ್ರೆಗಳಲ್ಲಿ ನಡುಕ, ಬಿಗಿತ ಕಡಿಮೆ. ಬದಲಿಗೆ ಬೇರೆ ತೊಂದರೆಗಳು ಬಂದಿವೆ, ಹೆಂಗಸರ ಮೈಗೇ ಹುಡುಕಿಕೊಂಡು ಬಂದಂಥವು. ರಿಸ್ಪೆರಿಡೋನ್ ತೆಗೆದುಕೊಳ್ಳುವ ಕೆಲವರಿಗೆ ಮುಟ್ಟು ನಿಲ್ಲುತ್ತದೆ, ಬಸುರಿಲ್ಲದೆ ಎದೆಹಾಲು ಒಸರುತ್ತದೆ. ಮೊದಲೇ ಹೇಳಿರದಿದ್ದರೆ ಅವಳು ಏನೆಂದುಕೊಳ್ಳಬೇಕು? ಒಲಾಂಜಪೀನ್‌ನಿಂದ ಮೈ ಊದಬಹುದು, ಸಕ್ಕರೆ ಕಾಯಿಲೆ ಬರಬಹುದು. ಓರಗಿತ್ತಿ ಮಾತ್ರ "ಕೂತು ತಿಂದರೆ ಇನ್ನೇನು" ಎನ್ನುತ್ತಾಳೆ. ಲಿಥಿಯಂ ಎಷ್ಟೋ ಜನರ ಬದುಕು ಉಳಿಸಿದ ಔಷಧಿ. ಆದರೆ ಅದರಲ್ಲಿ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಆಗಾಗ ರಕ್ತಪರೀಕ್ಷೆ ಬೇಕು. ವಾಂತಿಭೇದಿಯಾದರೆ, ಸೊಂಟನೋವಿಗೆಂದು ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್ ತಂದು ನುಂಗಿದರೆ ಅದು ರಕ್ತದಲ್ಲಿ ಏರಬಹುದು. ವ್ಯಾಲ್‌ಪ್ರೊಯೇಟ್ ಅಂತೂ ಬಸುರಿಯಲ್ಲಿ ಕೂಸಿನ ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ ಕುತ್ತು ತರಬಲ್ಲದು. ಮದುವೆಯ ವಯಸ್ಸಿನ ಹುಡುಗಿಗೆ ಅದನ್ನು ಬರೆದುಕೊಡುವ ವೈದ್ಯರು ಈ ಮಾತನ್ನು ಅವಳ ಅಪ್ಪನಿಗಲ್ಲ, ಅವಳಿಗೇ ಹೇಳಬೇಕು.

ಇಷ್ಟು ಓದಿ ಯಾರೂ ಡಬ್ಬಿ ಎತ್ತಿ ಬಿಸಾಡಬೇಡಿ. ಕಾವೇರಿಗೆ ಬಂದಂಥ ಬಾಣಂತಿ ಸನ್ನಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುತ್ತದೆ, ಬಹುತೇಕ ಮೊದಲ ಎರಡು ವಾರಗಳಲ್ಲೇ. ತಾಯಿಗೂ ಮಗುವಿಗೂ ಪ್ರಾಣಾಪಾಯ ಇರುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಿಯನ್ನೂ ಕೂಸನ್ನೂ ಬೇರೆ ಮಾಡದೆ ಒಟ್ಟಿಗೇ ಇರಿಸಿಕೊಳ್ಳುವ ವಾರ್ಡು 2009ರಲ್ಲಿ ಶುರುವಾಯಿತು. ಮುಂದಿನ ಹೆರಿಗೆಯಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು. ಅದನ್ನು ತಡೆಯಲು ಕೆಲವರಿಗೆ ಮುಂಚಿತವಾಗಿಯೇ ಔಷಧಿ ಬೇಕಾಗುತ್ತದೆ.

ನನ್ನ ಎರಡನೆಯ ತಕರಾರು ಇಲ್ಲಿಂದ ಹುಟ್ಟಿದ್ದು. ಗುಣವಾಗಿ ಬಂದವಳನ್ನು ಗಂಡನ, ನೆರೆಹೊರೆಯವರ ಅನುಮಾನವೇ ಮತ್ತೆ ಹುಚ್ಚಿಗೆ ತಳ್ಳಿತು ಎನ್ನುತ್ತದೆ ಕಥೆ. ನಿಜ, ನಮ್ಮ ಬೀದಿಗಳನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು. ಆದರೆ ಚಿತ್ರಮಂದಿರದಿಂದ ಹೊರಬಂದ ನಾವು ಇನ್ನೊಂದು ಮಾತನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದೆವು: ಪ್ರೀತಿ ಇದ್ದರೆ ಸಾಕಿತ್ತು, ಔಷಧಿ ಬೇಕಿರಲಿಲ್ಲ ಎಂದು. ಮದುವೆ ಗೊತ್ತಾದ ಕೂಡಲೇ ತಾಯಂದಿರು ಹುಡುಗಿಯ ಮಾತ್ರೆ ನಿಲ್ಲಿಸುವುದು ಈ ನಂಬಿಕೆಯಿಂದಲೇ. ಮೂರೇ ತಿಂಗಳಲ್ಲಿ ಅವಳು ಅತ್ತೆಮನೆಯಲ್ಲಿ ನಿದ್ದೆಗೆಡುತ್ತಾಳೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತಿರುಗುಮುರುಗು. ಅವಳಿಗೆ ಹೇಳದೆ ಗುಳಿಗೆ ಪುಡಿ ಮಾಡಿ ಸಾರಿಗೆ ಬೆರೆಸುತ್ತಾರೆ. ಗೊತ್ತಾದ ದಿನದಿಂದ ಅವಳು ಆ ಮನೆಯ ಊಟವನ್ನೇ ನಂಬುವುದಿಲ್ಲ, ಆಗ ಅದಕ್ಕೂ "ಹುಚ್ಚು ಅನುಮಾನ" ಎಂದೇ ಹೆಸರು.

ಮುಚ್ಚಿಡುವುದಕ್ಕೆ ಕಾರಣವೂ ಇಲ್ಲದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಆಧಾರ. ಮಾತ್ರೆಯ ಪಟ್ಟಿಯೊಂದು ಬೀರುವಿನಲ್ಲಿ ಸಿಕ್ಕರೆ ಅದನ್ನು ವಕೀಲರ ಬಳಿಗೆ ಒಯ್ಯುವ ಗಂಡಂದಿರಿದ್ದಾರೆ. ರೋಗಕ್ಕೊಂದು ಹೆಸರಿದ್ದರಷ್ಟೇ ಸಾಲದು, ಒಟ್ಟಿಗೆ ಬಾಳಲಾಗದಷ್ಟು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಬೀರು ತಡಕುವವರಿಗೆ ಅದು ಗೊತ್ತಿರುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ತನ್ನ ಔಷಧಿಯ ಅಡ್ಡಪರಿಣಾಮಗಳನ್ನು ತಿಳಿಯುವ ಹಕ್ಕನ್ನು ರೋಗಿಗೇ ಕೊಟ್ಟಿದೆ. ಆದರೂ ವೈದ್ಯರ ಎದುರಿನ ಕುರ್ಚಿಯಲ್ಲಿ ಕೂತು ಮಾತಾಡುವವನು ಗಂಡ, ಅವಳು ಹಿಂದೆ ನಿಂತಿರುತ್ತಾಳೆ.

ಕಾವೇರಿಯ ಕಥೆಯನ್ನು ಯಾರಾದರೂ ಮತ್ತೆ ತೆರೆಗೆ ತರುವುದಾದರೆ ಅವಳ ದಿಂಬಿನ ಪಕ್ಕ ಒಂದು ಮಾತ್ರೆ ಡಬ್ಬಿ ಇರಲಿ. ಅದರ ವಿಷಯವಾಗಿ ಅವಳು ಡಾಕ್ಟರ ಹತ್ತಿರ ಒಮ್ಮೆಯಾದರೂ ಜಗಳಕ್ಕೆ ನಿಲ್ಲಲಿ.