ಗೋಣಿ, ಬಸರಿ ಮತ್ತು ದೊರೆಯ ಪುಸ್ತಕ

ಗೆಂಡೆಹಳ್ಳಿ ಸುತ್ತಿನ ಕಾಫಿ ತೋಟಗಳಲ್ಲಿ ಮರಗಸಿ ಶುರುವಾಯಿತೆಂದರೆ ಯಾವ ಕೊಂಬೆ ಕಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವ ಮಾತೇ ಮಾತು. ಬಸರಿ ಮುಟ್ಟಬೇಡ, ಗೋಣಿಯ ಒಂದು ಕೊಂಬೆ ಸಾಕು, ಸಿಲ್ವರ್ ಓಕ್ ಬೇಕಾದರೆ ಸವರು ಎಂದು ಹಿರಿಯರು ಕೆಳಗೆ ನಿಂತು ಕೂಗುತ್ತಾರೆ. ಇದೇ ಗೋಣಿ, ಬಸರಿ, ಮಿಟ್ಲಿಗಳು 1894ರ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡದ ಹೆಸರು ಹೊತ್ತೇ ನಿಂತಿವೆ. ಕಾಗುಣಿತ ಒಂಚೂರು ಸೊಟ್ಟಗಿದೆ, ಅಷ್ಟೇ. ಬಾಯಿಬಿಟ್ಟು ಓದಿದರೆ ನಮ್ಮೂರಿನ ಉಚ್ಚಾರವೇ ಕೇಳಿಸುತ್ತದೆ.

ಪುಸ್ತಕ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’. ಬರೆದವರು ಸ್ಕಾಟ್ಲೆಂಡಿನ ರಾಬರ್ಟ್ ಎಚ್. ಎಲಿಯಟ್. 1855ರಲ್ಲಿ ಹದಿನೆಂಟರ ಹುಡುಗನಾಗಿ ಬಂದು, ಮಂಜರಾಬಾದಿನ, ಅಂದರೆ ಈಗಿನ ಸಕಲೇಶಪುರ ಸೀಮೆಯ, ಕಾಡಿನಲ್ಲಿ ತೋಟ ಎಬ್ಬಿಸಿದವರು. 1871ರಲ್ಲೇ ಮೈಸೂರು ಕಾಡಿನ ಅನುಭವಗಳನ್ನು ಎರಡು ಸಂಪುಟಗಳಲ್ಲಿ ಬರೆದಿದ್ದರು. ಮುಂದೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲೂ ಕೂತರು. ಹುಲಿ ಬೇಟೆ, ಕೋಲಾರದ ಚಿನ್ನ, ಜಾತಿ ವಿಚಾರ, ಕಾಫಿ ಎಲ್ಲವನ್ನೂ 1894ರ ಈ ಒಂದೇ ಪುಸ್ತಕಕ್ಕೆ ತುರುಕಿದ್ದಾರೆ. ಬೇಟೆಯ ಪುಟಗಳನ್ನು ನಾನು ಬೇಗ ದಾಟಿದೆ. ಆ ಕಾಲದ ಬಿಳಿಯ ದೊರೆಗಳೆಲ್ಲ ಬರೆದದ್ದನ್ನೇ ಅವರೂ ಬರೆದಿದ್ದಾರೆ.

ನೆರಳಿನ ಅಧ್ಯಾಯಕ್ಕೆ ಬಂದಾಗ ಮಾತ್ರ ಬರಹದ ಉಸಿರೇ ಬೇರೆಯಾಗುತ್ತದೆ. ಮೊದಲ ತಲೆಮಾರಿನ ಎಷ್ಟೋ ದೊರೆಗಳು ಕಾಡು ಕಡಿದು, ಸುಟ್ಟು, ಬಟಾಬಯಲಲ್ಲಿ ಗಿಡ ನೆಟ್ಟವರು. 1860ರ ದಶಕದಲ್ಲಿ ಕಾಂಡ ಕೊರೆಯುವ ಬೋರರ್ ಹುಳ ನುಗ್ಗಿ ಹಳೆಯ ‘ಚಿಕ್’ ತಳಿಯ ತೋಟಗಳನ್ನು ಮುಗಿಸಿತು. ಬೋರರ್ ಹಿಡಿದ ಗಿಡ ಹೇಗಿರುತ್ತದೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ: ಎಲೆ ಹಳದಿಯಾಗಿ ಜೋತುಬೀಳುತ್ತದೆ, ಕಾಂಡದ ತೊಗಟೆಯ ಮೇಲೆ ಉಬ್ಬಿದ ಗೆರೆ ಏಳುತ್ತದೆ, ಕತ್ತಿಯಿಂದ ಸೀಳಿದರೆ ಒಳಗೆ ಪುಡಿ, ಪುಡಿಯ ನಡುವೆ ಬಿಳಿ ಹುಳ. ಆ ಗಿಡವನ್ನು ಕಿತ್ತು ಸುಡದೆ ಗತಿಯಿಲ್ಲ. ಈ ಪೆಟ್ಟು ತಿಂದ ಮೇಲೆ ಎಲಿಯಟ್ ಮರಗಳನ್ನು ಒಂದೊಂದಾಗಿ ಗಮನಿಸಿದರು. ಯಾವುದರ ನೆರಳು ತಂಪು, ಯಾವುದು ಗಿಡವನ್ನು ಸೊರಗಿಸುತ್ತದೆ ಎಂದು ನೋಡಿದರು, ಕಾಡಿನ ಮೇಲ್ಮಣ್ಣನ್ನು ಗೊಬ್ಬರವಾಗಿ ಹಾಕುವುದನ್ನು ಬರೆದಿಟ್ಟರು. ಕೈ ಸುಟ್ಟುಕೊಂಡು ಕಲಿತದ್ದನ್ನು ಮುಚ್ಚಿಡದೆ ಪಕ್ಕದ ತೋಟದವನಿಗೂ ಹೇಳಿದ್ದು ಅವರ ದೊಡ್ಡತನ. ಇದನ್ನೇ ನಾನು ಅವರ ದಾನವೆಂದು ಲೆಕ್ಕ ಹಾಕುತ್ತೇನೆ. ಆಮೇಲೆ ಸ್ಕಾಟ್ಲೆಂಡಿನ ಕ್ಲಿಫ್ಟನ್ ಪಾರ್ಕಿನಲ್ಲಿ ಸತ್ತ್ವ ಕಳೆದ ಹೊಲಗಳಿಗೆ ಆಳಕ್ಕೆ ಬೇರಿಳಿಸುವ ಹುಲ್ಲು, ಕ್ಲೋವರ್, ಚಿಕೋರಿಗಳನ್ನು ಬಿತ್ತಿ ಮಣ್ಣು ಕಟ್ಟಿದ್ದನ್ನೂ ಹೀಗೆಯೇ ಬರೆದು ಹಂಚಿದರು. 1898ರ ಆ ಪುಸ್ತಕವನ್ನು ಸಾವಯವ ಬೇಸಾಯದವರು ಬಹಳ ಕಾಲ ಓದಿದರು. ಚಿಕೋರಿಯನ್ನು ಕಾಫಿಪುಡಿಗೆ ಬೆರೆಸುವುದಷ್ಟೇ ಗೊತ್ತಿರುವ ನಮಗೆ, ಅದರ ಬೇರು ಗಟ್ಟಿ ನೆಲವನ್ನು ಸೀಳುವ ಸಂಗತಿ ಹೊಸದು.

ಇಷ್ಟು ಹತ್ತಿರದಿಂದ ಮಣ್ಣು ನೋಡಿದ ಕಣ್ಣು ಮನುಷ್ಯರ ಕಡೆ ತಿರುಗಿದಾಗ ಮಂಜಾಗುತ್ತದೆ. ಜಾತಿಯ ಬಗ್ಗೆ ಎಲಿಯಟ್ ಉದ್ದಕ್ಕೆ ಬರೆದಿದ್ದಾರೆ. ಜಾತಿಯ ಕಟ್ಟು ಕುಡಿತವನ್ನೂ ನಡತೆಗೇಡನ್ನೂ ತಡೆಯುತ್ತದೆ, ಆದ್ದರಿಂದ ಅದು ಒಳ್ಳೆಯದೇ ಎಂಬುದು ಅವರ ವಾದ. ಜಾತಿಯನ್ನು ಹಳಿದ ಪಾದ್ರಿಗಳಿಗೆ ಎದುರಾಗಿ ಹೂಡಿದ ವಾದವಿದು, ಧೈರ್ಯದ್ದೇ. ಆದರೆ ಇದು ಗೌಡರ ಜಗಲಿಯಿಂದ ಕಂಡ ಜಾತಿ. ಅದೇ ಕಟ್ಟಿನಿಂದ ಬಾವಿಗೆ ದೂರವಾದವರು, ಊರಾಚೆ ಇದ್ದವರು, ತೋಟದ ಕೆಲಸಕ್ಕೆ ಬೆನ್ನು ಬಗ್ಗಿಸಿದವರು ಏನನ್ನುತ್ತಾರೆ? ಯಾವ ಮರದ ಕೆಳಗೆ ಗಿಡ ಸೊರಗುತ್ತದೆ ಎಂದು ವರ್ಷಗಟ್ಟಲೆ ನೋಡಿದವರು ಈ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಪುಸ್ತಕದ ದೊಡ್ಡ ಸೋಲು ಇದು.

ಆಳುಗಳ ವಿಷಯವೂ ಹಾಗೆಯೇ. ಮೇಸ್ತ್ರಿಯ ಮೂಲಕ ಮುಂಗಡ ಕೊಟ್ಟು ಜನ ತರಿಸುವ ಪದ್ಧತಿ ಅಂದಿನದು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಜೈಲಿಗೆ ಕಳಿಸಲು ಬ್ರಿಟಿಷ್ ಇಂಡಿಯಾದಲ್ಲಿ 1859ರಲ್ಲೇ ಕಾಯಿದೆ ಬಂದಿತ್ತು. ಆ ಮುಂಗಡ ದೊರೆಗಳ ಲೆಕ್ಕದಲ್ಲಿ ವಸೂಲಾಗಬೇಕಾದ ಹಣ, ಆಳುಗಳ ಲೈನ್ ಮನೆಯಲ್ಲಿ ತೀರದ ಸಾಲ. ‘ಸ್ವಂತ ಶ್ರಮದಿಂದ ಮೇಲೆ ಬಂದವರು’ ಎಂದು ಇಂಥ ದೊರೆಗಳ ಬದುಕನ್ನು ಹೊಗಳುವಾಗ ನನಗೆ ನೆನಪಾಗುವುದು ಪುಷ್ಯದ ಚಳಿಯ ಬೆಳಗು. ಇಬ್ಬನಿಗೆ ತೊಯ್ದ ಗಿಡಗಳ ನಡುವೆ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕುಯ್ಯುತ್ತಾರೆ, ಸಂಜೆ ಕಣದ ಹತ್ತಿರ ಅಳತೆಗೆ ಸಾಲು ನಿಲ್ಲುತ್ತಾರೆ. ಎಲಿಯಟ್ ಪಟ್ಟ ಕಷ್ಟ ಸುಳ್ಳಲ್ಲ. ಅವರೊಬ್ಬರೇ ಪಟ್ಟದ್ದಲ್ಲ.

ಹೀಗಿದ್ದೂ ಈ ಪುಸ್ತಕವನ್ನು ಅಟ್ಟಕ್ಕೆ ಹಾಕಲು ನನಗೆ ಮನಸ್ಸಿಲ್ಲ. ಮೆಣಸು ಹಬ್ಬಿಸಲು, ಮರ ಮಾರಲು ಸುಲಭವೆಂದು ಗೋಣಿ ಬಸರಿಗಳ ಜಾಗದಲ್ಲಿ ಸಿಲ್ವರ್ ನಿಲ್ಲಿಸುತ್ತಿರುವ ಈ ಹೊತ್ತಿನಲ್ಲಿ ನೆರಳಿನ ಅಧ್ಯಾಯವಾದರೂ ಕನ್ನಡಕ್ಕೆ ಬರಬೇಕು. ಮರಗಳ ಹೆಸರು ಸರಿಯಾದ ಕಾಗುಣಿತಕ್ಕೆ ಮರಳಬೇಕು. ಅನುವಾದಿಸುವವರು ಪುಸ್ತಕ ಹಿಡಿದು ಒಂದು ಸಂಜೆ ಲೈನ್ ಮನೆಗಳ ಕಡೆ ಹೋಗಲಿ. ಮರಗಸಿಗೆ ಐವತ್ತು ವರ್ಷ ಮರ ಹತ್ತಿದವರು ಅಲ್ಲಿದ್ದಾರೆ. ಎಲಿಯಟ್ ಬರೆದದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಅವರನ್ನು ಕೇಳಿ, ಅಡಿಟಿಪ್ಪಣಿಯಲ್ಲಿ ಅವರವರ ಹೆಸರು ಹಾಕಿಯೇ ಬರೆಯಲಿ.