ಪೂರ್ವಪಕ್ಷವಿಲ್ಲದ ಸಿದ್ಧಾಂತ

ಶಾಲಾ ಮಕ್ಕಳು ಪ್ರತಿದಿನ ಸಂವಿಧಾನದ ಪ್ರಸ್ತಾವನೆಯನ್ನು ಓದಬೇಕೆಂದು ರಾಜ್ಯ ಸರ್ಕಾರವು 2023ರಲ್ಲಿ ನಿರ್ಧರಿಸಿತು. ಅದು ಸ್ವಾಗತಾರ್ಹವೇ ಸರಿ. ಆದರೆ ಕಂಠಪಾಠವು ಅಧ್ಯಯನವಲ್ಲ. ಶ್ರೀಪತಿ ಪಂಡಿತಾರಾಧ್ಯರ ಶ್ರೀಕರಭಾಷ್ಯವನ್ನು ಗುರುಮುಖದಿಂದ ಕೇಳಿದವರು ಬಲ್ಲರು, ಪೂರ್ವಪಕ್ಷವನ್ನು ಅರಿಯದವನಿಗೆ ಸಿದ್ಧಾಂತವು ದಕ್ಕುವುದಿಲ್ಲ. ರಾಷ್ಟ್ರನಿರ್ಮಾಪಕರ ವಿಷಯದಲ್ಲಾದರೋ ನಾವು ಸಿದ್ಧಾಂತಕ್ಕೆ ಹೂಮಾಲೆ ಹಾಕಿ ಪೂರ್ವಪಕ್ಷವನ್ನು ಮರೆತಿದ್ದೇವೆ.

ನಮ್ಮ ಹಡಗಲಿಗೆ ನೆರೆಯ ಹರಪನಹಳ್ಳಿ ಸೀಮೆಯ ಹಲವಾಗಲಿನಲ್ಲಿ 1902ರಲ್ಲಿ ಜನಿಸಿದ ಎಸ್. ನಿಜಲಿಂಗಪ್ಪನವರನ್ನು ಏಕೀಕರಣದ ನಾಯಕರೆಂದು ಎಲ್ಲರೂ ಸ್ಮರಿಸುತ್ತಾರೆ. ಅವರು ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರೆಂಬುದನ್ನು ಎಷ್ಟು ಮಂದಿ ಬಲ್ಲರು? ಆ ಸಭೆಯಲ್ಲಿ ನಡೆದ ವಾದಗಳನ್ನು ಓದಿದವರು ಇನ್ನೂ ವಿರಳ.

ಒಂದನ್ನು ನೋಡೋಣ. ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ನ್ಯಾಯೋಚಿತವೇ ಎಂದು ಪರೀಕ್ಷಿಸುವ ಅಧಿಕಾರ ನ್ಯಾಯಾಲಯಕ್ಕಿರಬೇಕೆ, ಶಾಸನಸಭೆ ವಿಧಿಸಿದ ಕ್ರಮವೇ ಸಾಕೆ? ಸಂವಿಧಾನ ಸಲಹೆಗಾರರಾದ ನಮ್ಮ ಕರಾವಳಿಯ ಬೆನೆಗಲ್ ನರಸಿಂಗರಾಯರು ಅಮೆರಿಕದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡು ಬಂದು ಎರಡನೆಯ ಪಕ್ಷದತ್ತ ವಾಲಿದರು. 1948ರ ಡಿಸೆಂಬರ್ 13ರಂದು ಉತ್ತರ ಕೊಡಲು ಎದ್ದು ನಿಂತ ಅಂಬೇಡ್ಕರರು ಎರಡೂ ಪಕ್ಷಗಳ ಅಪಾಯವನ್ನು ವಿವರಿಸಿದರು. ಒಂದೇ ಪಕ್ಷದವರಿಂದ ತುಂಬಿದ ಶಾಸನಸಭೆಯೂ ತಪ್ಪಬಹುದು, ಐದಾರು ನ್ಯಾಯಾಧೀಶರೂ ತಪ್ಪಬಹುದು. ತಮಗೆ ನಿರ್ಣಯ ಕಷ್ಟವೆಂದು ಒಪ್ಪಿ, ಅದನ್ನು ಸಭೆಗೇ ಬಿಟ್ಟರು! ಸಭೆಯು ಎರಡನೆಯದನ್ನೇ ಉಳಿಸಿಕೊಂಡಿತು. ಅವರ ಮನಸ್ಸು ಮಾತ್ರ ಸಮಾಧಾನಗೊಳ್ಳಲಿಲ್ಲ; 1949ರ ಸೆಪ್ಟೆಂಬರಿನಲ್ಲಿ, ಬಂಧಿತನಿಗೆ ಕಾರಣ ತಿಳಿಸಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬ ರಕ್ಷಣೆಗಳನ್ನು ತಂದರು. ಇಂದಿನ 22ನೆಯ ಅನುಚ್ಛೇದವದು. ತುರ್ತುಪರಿಸ್ಥಿತಿಯನ್ನು ಕಂಡ ಮೇಲೆ, 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಕ್ರಮವು ನ್ಯಾಯಯುತವೂ ಆಗಿರಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಸಂವಿಧಾನದ ಪುಸ್ತಕದಲ್ಲಿ 21ನೆಯ ಅನುಚ್ಛೇದವು ಒಂದೇ ವಾಕ್ಯ. ಅದರ ಹಿಂದಿನ ಸಂಶಯವನ್ನು ಅರಿಯದವನು ಏನನ್ನು ಓದಿದಂತಾಯಿತು?

ಅದೇ ಅಂಬೇಡ್ಕರರು 1949ರ ನವೆಂಬರ್ 25ರಂದು, ಭಕ್ತಿಯು ಧರ್ಮದಲ್ಲಿ ಮೋಕ್ಷಮಾರ್ಗವಾದೀತು, ರಾಜಕೀಯದಲ್ಲಿ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂಬರ್ಥದ ಎಚ್ಚರಿಕೆ ಕೊಟ್ಟರು. ಭಕ್ತಿಯನ್ನೇ ಬೋಧಿಸುವ ಪೀಠದಲ್ಲಿ ಕುಳಿತು ಇದನ್ನು ಬರೆಯುವಾಗ ನಮಗೆ ಅಳುಕಿಲ್ಲದಿಲ್ಲ. ಜಾತ್ರೆಯ ವೇದಿಕೆಗಳಲ್ಲಿ ರಾಜಕಾರಣಿಗಳಿಗೆ ಶಾಲು ಹೊದಿಸಿ ಹೊಗಳುವ ನಾವೂ ಈ ದೋಷದಿಂದ ಹೊರತಲ್ಲ. ಈಗ ಅಂಬೇಡ್ಕರರನ್ನೇ ಓದದೆ ಪೂಜಿಸುವುದೂ ನಡೆದಿದೆ.

ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರೂ ಅಧ್ಯಾಪಕರೂ ಅನೇಕರಿದ್ದಾರೆ. ಅವರಲ್ಲಿ ಯಾರಾದರೂ ಆ ಡಿಸೆಂಬರಿನ ಒಂದು ದಿನದ ಚರ್ಚೆಯನ್ನಾದರೂ ಪ್ರಸಾದನಿಲಯದ ಮಕ್ಕಳಿಗೆ ಕನ್ನಡದಲ್ಲಿ ಓದಿ ಹೇಳಲಿ. ಅನಂತರ ಮಕ್ಕಳು ಎರಡು ಪಕ್ಷಗಳಾಗಿ ವಾದಿಸಲಿ. ಕೇಳಲು ನಾವೂ ಬಂದು ಕುಳಿತುಕೊಳ್ಳುತ್ತೇವೆ.