ಮರೆವಿನ ಮನೆಗೆ ಹೋಗುವವರ ಪಾಠ

ಹೋಂ ನರ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಕಲಿಯುವ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಕೋರ್ಸು ಕೈಕೆಲಸವನ್ನು ಚೆನ್ನಾಗಿಯೇ ಕಲಿಸುತ್ತದೆ. ಬಿ.ಪಿ. ನೋಡುವುದು, ಹಾಸಿಗೆಯಲ್ಲೇ ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಎಲ್ಲವೂ ಬೇಕಾದ್ದೇ. ಆದರೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವ ಮನೆಯಲ್ಲಿ ಕಷ್ಟ ಶುರುವಾಗುವುದು ಮಾತಿನಲ್ಲಿ. ಕಾವೇರಿ ಸೀಮೆಯ ನಮ್ಮ ಅರಕೆರೆಯ ಒಂದು ಮನೆ ಅಂದುಕೊಳ್ಳಿ. ಸಂಜೆಯಾಗುತ್ತಲೇ ತಾತ ಎದ್ದು ನಿಂತು, “ನಾಲೇಲಿ ನೀರ್ ಬುಟ್ಟವ್ರೆ, ಗದ್ದೆಗೆ ನೀರ್ ಕಟ್ಬೇಕು” ಎಂದು ಚಪ್ಪಲಿ ಹುಡುಕುತ್ತಾರೆ. ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ಎಷ್ಟೋ ವರ್ಷವಾಗಿದೆ. ಅದನ್ನು ನೆನಪಿಸಿದರೆ ಜಗಳ, ಬಾಗಿಲು ಹಾಕಿದರೆ ಕೂಗಾಟ. ಆಗ ಏನು ಹೇಳಬೇಕು?

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿರುವ ಪಠ್ಯ ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’. 2019ರಲ್ಲಿ ಹೊರಬಂದ ಇದರಲ್ಲಿ 5 ಭಾಗ, 23 ಪಾಠಗಳಿವೆ. ಬರೆದಿದ್ದು ಮನೆಯವರಿಗಾಗಿ, ಆದರೂ ಕೂಲಿಗೆ ಬರುವವರಿಗೂ ಇದಕ್ಕಿಂತ ಒಳ್ಳೆಯ ಆಧಾರ ಕಾಣೆ. ಉಪದೇಶ ಕಡಿಮೆ. ಒಂದು ಮನೆಯ ಸಂದರ್ಭ ಕೊಟ್ಟು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಆಮೇಲೆ ವಿವರಿಸುತ್ತದೆ. ನಡವಳಿಕೆಯ ಬದಲಾವಣೆ ಕುರಿತ ಕೊನೆಯ ಭಾಗವೇ ಇದರ ಜೀವ: ವಾದಕ್ಕಿಳಿಯಬೇಡಿ, ಹಟದ ಹಿಂದಿರುವ ಭಯವನ್ನೋ ಹಸಿವನ್ನೋ ಹುಡುಕಿ. ತಾತನಿಗೆ “ಯಾವ ಗದ್ದೆಗೆ ತಾತ, ಮೇಲಿನದಕ್ಕಾ ಕೆಳಗಿನದಕ್ಕಾ?” ಎಂದು ಕೇಳಿ, ಮಾತಿಗೆಳೆದು, ಕಾಫಿ ಕೊಟ್ಟು ಕೂರಿಸಬಲ್ಲವಳು ಈ ಪಾಠವನ್ನು ನಿಜವಾಗಿ ಕಲಿತವಳು.

ನಿಮ್ಹಾನ್ಸ್‌ನವರು ಇದರ ಆನ್‌ಲೈನ್ ರೂಪವನ್ನು ನಮ್ಮಲ್ಲೇ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೇರಿದ 151 ಆರೈಕೆದಾರರಲ್ಲಿ ಕೊನೆತನಕ ಉಳಿದವರು 55. ಆರೈಕೆಯ ಹೊರೆಯಾಗಲಿ ಖಿನ್ನತೆಯಾಗಲಿ ಗಮನಾರ್ಹವಾಗಿ ಇಳಿಯಲಿಲ್ಲ. ಕಾಯಿಲೆಯವರನ್ನು ಮನುಷ್ಯರಾಗಿ ಕಾಣುವ ದೃಷ್ಟಿ ಮಾತ್ರ ಸುಧಾರಿಸಿತು. ನನಗೆ ಇದು ಸಣ್ಣ ಗೆಲುವಲ್ಲ. ಆದರೆ ಆನ್‌ಲೈನ್ ಪಾಠವನ್ನು ಒಬ್ಬರೇ ಕೂತು ಓದಿ ಮುಗಿಸುವುದು ಹೆಚ್ಚಿನವರಿಗೆ ಆಗುವುದಿಲ್ಲ ಎಂಬುದೂ ಇದರಿಂದ ಗೊತ್ತಾಯಿತು. ಎದುರಿಗೆ ಕೂತು, ಒಬ್ಬಳು ಅಜ್ಜಿಯಾಗಿ ಇನ್ನೊಬ್ಬಳು ಆರೈಕೆಯವಳಾಗಿ ಆಡಿ ನೋಡಬೇಕಾದ ವಿದ್ಯೆ ಇದು.

ಇಂಥ ತರಬೇತಿಯ ಅಗತ್ಯ ಹಳ್ಳಿಗೇ ಹೆಚ್ಚು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಹಳ್ಳಿಗಳಲ್ಲಿ ಶೇ. 8.4, ಪಟ್ಟಣಗಳಲ್ಲಿ ಶೇ. 5.3. ಆಶಾ ಕಾರ್ಯಕರ್ತೆ ಮನೆಮನೆಗೆ ಒಯ್ಯುವ ಆರೋಗ್ಯ ತಪಾಸಣೆಯ ನಮೂನೆಯಲ್ಲಿ ಹಿರಿಯರಿಗೆಂದೇ ಒಂದು ಪ್ರಶ್ನೆಯಿದೆ: ಹತ್ತಿರದವರ ಹೆಸರು, ಮನೆಯ ವಿಳಾಸ ಮರೆಯುತ್ತೀರಾ? ಎಷ್ಟು ಒಳ್ಳೆಯ ಪ್ರಶ್ನೆ! ಆದರೆ “ವಯಸ್ಸಾಯ್ತಲ್ಲವ್ವ, ಅರಳು ಮರಳು” ಎಂದು ಸೊಸೆ ನಕ್ಕುಬಿಟ್ಟರೆ ಮುಂದಿನ ಮಾತು ಹೇಗೆ ತೆಗೆಯಬೇಕು ಎಂಬುದು ನಮೂನೆಯಲ್ಲಿಲ್ಲ. ಮನೆಬಿಟ್ಟು ಅಲೆಯುವವರ ಬಗ್ಗೆ ಐಸಪೋರ್ಟ್ ಹೇಳುವುದಕ್ಕೂ ನಮ್ಮೂರಿನ ಸೇರ್ಪಡೆ ಬೇಕು. ಇಲ್ಲಿ ಗೇಟು ಹಾಕಿದ ಅಪಾರ್ಟ್‌ಮೆಂಟಿಲ್ಲ. ಹಿತ್ತಿಲು ದಾಟಿದರೆ ನಾಲೆ ಏರಿ, ಆಳೆತ್ತರದ ಕಬ್ಬು, ಆಚೆಗೆ ಕಾವೇರಿ. ಅಕ್ಕಪಕ್ಕದವರಿಗೆ, ಅಂಗಡಿಯವರಿಗೆ, ಬಸ್ ಕಂಡಕ್ಟರಿಗೆ ಮೊದಲೇ ಹೇಳಿಡುವುದು ಇಲ್ಲಿನ ಮೊದಲ ಪಾಠವಾಗಬೇಕು.

ನನ್ನ ದೊಡ್ಡ ತಕರಾರು ಐಸಪೋರ್ಟಿನ ‘ನಿಮ್ಮನ್ನು ನೀವು ನೋಡಿಕೊಳ್ಳಿ’ ಎನ್ನುವ ಭಾಗದ ಮೇಲೆ. ಬಿಡುವು ಮಾಡಿಕೊಳ್ಳಿ, ನೆಂಟರ ನೆರವು ಕೇಳಿ ಎನ್ನುತ್ತದೆ. ಮಗಳಿಗೆ ಇದು ಸರಿ. ಇಪ್ಪತ್ನಾಲ್ಕು ಗಂಟೆಯ ಕೆಲಸಕ್ಕೆ ಒಪ್ಪಿ ಮಂಚದ ಪಕ್ಕದ ಚಾಪೆಯಲ್ಲಿ ಮಲಗುವವಳು ಯಾರನ್ನು ಕೇಳಬೇಕು? ರಾತ್ರಿ ಐದು ಸಲ ಎದ್ದವಳಿಗೆ ಹಗಲು ನಿದ್ದೆ ಬೇಕು, ವಾರಕ್ಕೊಂದು ರಜೆ ಬೇಕು, ರೋಗಿ ಕೈಯೆತ್ತಿದಾಗ ತಪ್ಪು ಅವಳದಲ್ಲ ಎಂದು ನಂಬುವ ಮನೆಯವರು ಬೇಕು. ತರಬೇತಿಯ ಮೊದಲ ದಿನ ಅವಳ ಪಕ್ಕದ ಬೆಂಚಿನಲ್ಲಿ ಅವಳನ್ನು ಕೆಲಸಕ್ಕೆ ಕರೆಯುವ ಮಗನೋ ಸೊಸೆಯೋ ಕೂತಿರಲಿ.